ಗುಂಡು ಹೊರಟ ಜಾಗ

ಭಾನುವಾರ, ನವೆಂಬರ್ ೯

ನನ್ನ ಮೊಂಡಿ ಮಗಳೇ,

ಚೆನ್ನಾಗಿದ್ದೀಯ ತಾನೇ? ಇದ್ದೀಯ ಅಂದುಕೊಂಡೇ ಬರೆಯುತ್ತಿದ್ದೇನೆ, ಬೇರೆ ದಾರಿ ಏನಿದೆ? ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ನಾನು ಎರಡು ಮಾತಾಡುವಷ್ಟರಲ್ಲಿ ನಡುವೆ ಬಾಯಿ ಹಾಕಿ ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ನಿನ್ನ ಆ ಆಟ ನಡೆಯುವುದಿಲ್ಲ. ಹರಿದು ಬಿಸಾಡಬಹುದು, ಆದರೆ ಹೆತ್ತವಳಿಗೆ ಗೊತ್ತಿಲ್ಲವೇ, ಓದದೆ ಹರಿಯುವವಳಲ್ಲ ನೀನು.

ತಡವಾಯಿತು ಅಂತ ಬೈಯಬೇಡ. ಹೋದ ತಿಂಗಳೇ ಬರೆಯಬೇಕಿತ್ತು. ನೀರಿನ ಬಿಲ್ಲಿನ ಕೌಂಟರಿನಲ್ಲಿ ಇಡೀ ದಿನ ಜನರ ಹತ್ತಿರ ಬಾಯಿ ಬಡಿದುಕೊಂಡು ಮನೆಗೆ ಬಂದರೆ ಪೆನ್ನು ಹಿಡಿಯುವ ಚೈತನ್ಯ ಉಳಿದಿರುವುದಿಲ್ಲ. ಇದು ನೆಪ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಿಜ ಹೇಳಬೇಕೆಂದರೆ ನಿನ್ನ ಮೇಲೆ ಸಿಟ್ಟಿತ್ತು. "ಆ ಹುಡುಗೀನ ಉಳಿಸೋಕೆ ನೀನು ಅಪ್ಪನ್ನ ರೋಗಿ ಮಾಡ್ತಿದ್ದೀಯ" ಅಂದೆಯಲ್ಲ, ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಕೂತಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ಅಪ್ಪನ ಮೂಗು ಕೂಡಿದೆ, ಆದರೆ ಸ್ವಲ್ಪ ಎಡಕ್ಕೆ ವಾಲಿದೆ. ಮುಂದಿನ ಎರಡು ಹಲ್ಲು ಕಟ್ಟಿಸಿದ್ದಾಯಿತು. ಹೊಸ ಹಲ್ಲು ತೀರಾ ಬಿಳಿ, ನಕ್ಕರೆ ಬೇರೆ ಯಾರದೋ ಬಾಯಿ ತಂದು ಇಟ್ಟುಕೊಂಡ ಹಾಗೆ ಕಾಣುತ್ತಾರೆ. ನಗುವುದೂ ಕಡಿಮೆಯೇ ಬಿಡು, ಈ ಕಾಯಿಲೆಯಲ್ಲಿ ಮುಖವೂ ಬಿಗಿದುಕೊಳ್ಳುತ್ತದಂತೆ. ನಮ್ಮ ಮೂರನೇ ಮಹಡಿಯ ಮೆಟ್ಟಿಲು ಈಗ ಅವರಿಗೆ ದೊಡ್ಡ ಬೆಟ್ಟ. ನಾನು ಸಾಮಾನಿನ ಚೀಲ ಹೊತ್ತು ಹತ್ತುವಾಗ ಮೇಲೆ ವಾಚು ಹಿಡಿದು ನಿಂತಿರುತ್ತಿದ್ದರಲ್ಲ, "ನಿಮ್ಮಮ್ಮ ಇವತ್ತು ಮೂರು ಬಲ್ಬ್ ಉರಿಸೋಷ್ಟು ಪವರ್ ತೋರಿಸಿದ್ಲು" ಅಂತ ನಿನ್ನ ಹತ್ತಿರ ಲೆಕ್ಕ ಒಪ್ಪಿಸುತ್ತಿದ್ದರಲ್ಲ, ಅದೇ ಮನುಷ್ಯ ಈಗ ಕಂಬಿ ಹಿಡಿದು ಪ್ರತಿ ತಿರುವಿನಲ್ಲೂ ನಿಲ್ಲುತ್ತಾರೆ. ನಿಂತು, ಕೆಲಸ ಅಷ್ಟೇ ಕಣೆ, ಹೊತ್ತು ಜಾಸ್ತಿ ಹಿಡಿಯುತ್ತೆ, ಪವರ್ ಕಮ್ಮಿಯಾಗಿದೆ ಅಷ್ಟೇ ಅನ್ನುತ್ತಾರೆ. ನನಗೆ ಸಮಾಧಾನ ಹೇಳುತ್ತಿದ್ದಾರೋ ಪಾಠ ಹೇಳುತ್ತಿದ್ದಾರೋ ತಿಳಿಯುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಅಪ್ಪನ ಕ್ಲಾಸಿನ ಆ ಹುಡುಗಿ, ಯಾಕಮ್ಮ, ಗುಂಡನ್ನು ತಳ್ಳಲಿಲ್ಲ. ಅವಳನ್ನು ಶಾಲೆಯಿಂದ ತೆಗೆದುಹಾಕಿದ್ದು ಅನ್ಯಾಯ. ಪರೀಕ್ಷೆಗೆ ಹೆಸರು ಕೊಡಲು ಈ ತಿಂಗಳ ಕೊನೆಯವರೆಗೆ ಸಮಯವಿದೆ, ಅಷ್ಟರೊಳಗೆ ಅವಳು ಶಾಲೆಗೆ ವಾಪಸು ಬಂದು ಕೂರಬೇಕು. ಅದಕ್ಕೆ ನೀನು ಬೇಕು. ಈ ಕಾಗದದಲ್ಲಿ ಇರುವುದು ಇಷ್ಟೇ. ಉಳಿದದ್ದು ಹೇಗಾಯಿತು ಅನ್ನುವುದು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಗೊತ್ತಿದೆ ಅಂದುಕೊಂಡಲ್ಲೇ ಅಲ್ಲವೇ ನಾವೆಲ್ಲ ಎಡವಿದ್ದು?

ಪ್ರತಿ ವರ್ಷ ಶಾಲೆಯಲ್ಲಿ ಕೆಲಸ, ಶಕ್ತಿ, ಸಾಮರ್ಥ್ಯದ ಪಾಠ ಮುಗಿದ ದಿನ ಅಪ್ಪ ಆ ಆಟ ತೋರಿಸುತ್ತಿದ್ದರು. ಗುಜರಿಯಿಂದ ಹೊತ್ತು ತಂದ ಕಬ್ಬಿಣದ ಗುಂಡು, ಪ್ರಯೋಗಾಲಯದ ತೊಲೆಗೆ ಉಕ್ಕಿನ ತಂತಿಯಲ್ಲಿ ಕಟ್ಟಿ ಇಳಿಬಿಟ್ಟದ್ದು. ಅಪ್ಪ ಬೆನ್ನು, ತಲೆ ಎರಡನ್ನೂ ಗೋಡೆಗೆ ಒತ್ತಿ ನಿಲ್ಲುವುದು. ಒಬ್ಬರು ವಿದ್ಯಾರ್ಥಿ ಆ ಗುಂಡನ್ನು ಎಳೆದು ತಂದು ಅವರ ಮೂಗಿನ ತುದಿಗೆ ತಾಗಿಸಿ, ತಳ್ಳದೆ, ಬರೀ ಕೈಬಿಡುವುದು. ಗುಂಡು ಆ ಕಡೆಯವರೆಗೂ ತೂಗಿಕೊಂಡು ಹೋಗಿ ಮತ್ತೆ ಮೂಗಿನ ಕಡೆಗೇ ನುಗ್ಗಿ ಬರುತ್ತದೆ, ಮಕ್ಕಳು ಕಿರುಚುತ್ತಾರೆ, ಮೂಗಿಗೆ ಒಂದು ಬೆರಳು ಉಳಿದಿರುವಾಗ ನಿಂತು ಹಿಂದೆ ಹೋಗುತ್ತದೆ. ಹೊರಟ ಜಾಗಕ್ಕಿಂತ ಈಚೆ ಬರಬೇಕೆಂದರೆ ಅದು ಹೊರಟದ್ದಕ್ಕಿಂತ ಮೇಲೆ ಏರಬೇಕು, ಅದಕ್ಕೆ ಹೆಚ್ಚಿನ ಶಕ್ತಿ ಯಾರು ಕೊಡುತ್ತಾರೆ, ಗಾಳಿಗೆ ಒಂದಿಷ್ಟು ಸುಂಕ ಕಟ್ಟಿ ಸ್ವಲ್ಪ ಮೊದಲೇ ನಿಲ್ಲುತ್ತದೆ ಅನ್ನುತ್ತಿದ್ದರು. ಮೊದಮೊದಲು ಕಣ್ಣು ಬಿಟ್ಟುಕೊಂಡೇ ನಿಲ್ಲುತ್ತಿದ್ದರು. ಆಮೇಲೆ ಧಿಮಾಕು ಹೆಚ್ಚಾಗಿ ಕಣ್ಣು ಮುಚ್ಚಿ ನಿಲ್ಲಲು ಶುರುಮಾಡಿದರು. ನನ್ನನ್ನು ನೋಡಬೇಡಿ, ಗುಂಡನ್ನು ನೋಡಿ ಅಂತ ಇಡೀ ಕ್ಲಾಸಿಗೆ ತಾಕೀತು ಬೇರೆ. ನೀನು ಚಿಕ್ಕವಳಿದ್ದಾಗ ನಿನ್ನನ್ನೂ ಸ್ಟೂಲಿನ ಮೇಲೆ ಹತ್ತಿಸಿ ಆ ಗೋಡೆಗೆ ನಿಲ್ಲಿಸಿದ್ದರು. ನಾನು ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದೆ, ನೀನು ಕಣ್ಣೂ ಮಿಟುಕಿಸಲಿಲ್ಲ.

ಈ ವರ್ಷ ಗುಂಡು ಬಿಡಲು ಕರೆದದ್ದು ಯಾಕಮ್ಮನನ್ನು. ಮಾತುಮಾತಿಗೂ ಯಾಕೆ ಸಾರ್, ಯಾಕೆ ಸಾರ್ ಅನ್ನುವವಳು ಅಂತ ಆ ಹೆಸರು ಇಟ್ಟವರು ಅಪ್ಪನೇ. ಮನೆಗೆ ಬಂದರೆ ಊಟಕ್ಕೆ ಕೂತಾಗಲೂ ಅವಳದೇ ಸುದ್ದಿ. ಅದಕ್ಕೆ ಒಂದು ವಾರ ಮುಂಚೆ ಕ್ಲಾಸಿನಲ್ಲಿ ಅವರಿಬ್ಬರಿಗೂ ಜಟಾಪಟಿಯಾಗಿತ್ತು. ತಲೆಯ ಮೇಲೆ ಹೊರೆ ಇಟ್ಟುಕೊಂಡು ಸಮನೆಲದಲ್ಲಿ ಎಷ್ಟು ನಡೆದರೂ ಗುರುತ್ವಕ್ಕೆ ಎದುರಾಗಿ ಮಾಡಿದ ಕೆಲಸ ಸೊನ್ನೆ ಅಂತ ಅಪ್ಪ ಹೇಳಿದ್ದಾರೆ. ಇವಳು ಎದ್ದು ನಿಂತು, ನಮ್ಮಮ್ಮ ಲಾಂಡ್ರಿಯಲ್ಲಿ ಇಡೀ ದಿನ ಒದ್ದೆ ಬಟ್ಟೆಯ ಗಂಟು ಹೊತ್ತು ಸಮನೆಲದಲ್ಲೇ ಓಡಾಡುತ್ತಾಳೆ, ಹಾಗಾದರೆ ಸಂಜೆ ಅವಳ ಕಾಲು ಯಾಕೆ ಊದಿಕೊಳ್ಳುತ್ತದೆ ಅಂತ ಕೇಳಿದ್ದಾಳೆ. ಕ್ಲಾಸು ಗೊಳ್ಳೆಂದಿದೆ. ಅಪ್ಪನೂ ನಕ್ಕು, ಅದನ್ನು ಡಾಕ್ಟರ ಹತ್ತಿರ ಕೇಳು ಅಂದುಬಿಟ್ಟಿದ್ದಾರೆ. ಅವಳು ಮುಖ ಸಣ್ಣದು ಮಾಡಿಕೊಂಡು ಕೂತಳಂತೆ. ಗುಂಡು ಬಿಡಲು ಅವಳನ್ನೇ ಕರೆದದ್ದು ಅವಳನ್ನು ಸಮಾಧಾನ ಮಾಡುವುದಕ್ಕೆ. ಅದನ್ನು ಅಪ್ಪ ನನಗೆ ಅವತ್ತು ಬೆಳಿಗ್ಗೆ ಶೂ ಹಾಕಿಕೊಳ್ಳುವಾಗಲೇ ಹೇಳಿದ್ದರು.

ಆಮೇಲಿನದು ಗೊತ್ತೇ ಇದೆ. ಗುಂಡು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಮೂಗು ಮುರಿಯಿತು, ಹಲ್ಲು ಹೋಯಿತು, ಅಂಗಿಯೆಲ್ಲ ರಕ್ತ. ಆಸ್ಪತ್ರೆಯಲ್ಲಿ ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಲ್ಲೇ ಅಪ್ಪ ಹೆಡ್ ಮಾಸ್ಟರಿಗೆ ಹೇಳಿದ್ದು ಒಂದೇ ಮಾತು. ನಾನು ಅಲುಗಿಲ್ಲ, ಅಲುಗಿಲ್ಲ ಅಂದಮೇಲೆ ಅವಳು ತಳ್ಳಿರಲೇಬೇಕು. ಕ್ಲಾಸಿನಲ್ಲಿದ್ದ ಮಕ್ಕಳನ್ನು ಕೇಳಿದರೆ ಒಬ್ಬರೂ ಅಪ್ಪನನ್ನು ನೋಡಿರಲಿಲ್ಲ, ಗುಂಡನ್ನೇ ನೋಡುತ್ತಿದ್ದರು. ನಗಾಡಿಸಿಕೊಂಡ ಹಗೆ ತೀರಿಸಿಕೊಂಡಿದ್ದಾಳೆ ಅಂತ ಶಾಲೆಯವರು ಕಥೆ ಕಟ್ಟಿದರು.

ನೀನು ಸುದ್ದಿ ಕೇಳಿದವಳೇ ಓಡಿಬಂದೆ. ಅಪ್ಪನ ಮುಖ ನೋಡಿ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತದ್ದು ನನಗೆ ಕೇಳಿಸಿತ್ತು. ಮಾರನೆಯ ದಿನ ವಿಚಾರಣಾ ಸಮಿತಿಯ ಮುಂದೆ ನಿಂತೆ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವಳಲ್ಲವೇ, ಬೋರ್ಡಿನ ಮೇಲೆ ಗೋಡೆ ಬರೆದೆ, ಗುಂಡು ಬರೆದೆ, ಅದು ಹೊರಟ ಜಾಗಕ್ಕೆ ಒಂದು ಅಡ್ಡಗೆರೆ ಎಳೆದೆ. ಈ ಗೆರೆ ದಾಟಿ ಗುಂಡು ಈಚೆ ಬರಬೇಕೆಂದರೆ ಹೊರಗಿನಿಂದ ಅದರ ಮೇಲೆ ಕೆಲಸ ನಡೆದಿರಬೇಕು, ಅದನ್ನು ಮುಟ್ಟಿದವಳು ಒಬ್ಬಳೇ ಅಂದೆ. ಬಾಗಿಲ ಹತ್ತಿರ ನಿಂತಿದ್ದ ನನಗೆ, ಎಂಥ ಮಗಳನ್ನು ಹೆತ್ತೆ ಅಂತ ಎದೆಯುಬ್ಬಿ ಬಂದಿತ್ತು. ತಳ್ಳಿದೆಯಾ ಅಂತ ಕೇಳಿದಾಗೆಲ್ಲ ಇಲ್ಲ ಇಲ್ಲ ಅನ್ನುತ್ತಿದ್ದ ಆ ಹುಡುಗಿ, ನೀನು ಬರೆದು ಮುಗಿಸಿದ ಮೇಲೆ ಬಾಯಿ ಬಿಡಲಿಲ್ಲ. ಬೋರ್ಡನ್ನೇ ನೋಡುತ್ತಾ ನಿಂತಳು. ಮೌನ ಅಂದರೆ ಒಪ್ಪಿಗೆ ಅಂತ ಬರೆದುಕೊಂಡು ಅವಳನ್ನು ಮನೆಗೆ ಕಳಿಸಿದರು. ನೀನೂ ಅವತ್ತೇ ಊರಿಗೆ ಹೊರಟೆ.

ಈಗ ನೀನು ನೋಡದೆ ಇದ್ದದ್ದು.

ಹಲ್ಲು ಕಟ್ಟಿಸಲು ಹೋದೆವಲ್ಲ, ಆ ಡಾಕ್ಟರಮ್ಮ ಅಪ್ಪನನ್ನು ಕುರ್ಚಿಯಲ್ಲಿ ಮಲಗಿಸಿ, ತಲೆ ಹಿಂದಕ್ಕೆ ಒರಗಿಸಿ ಅಂದರು. ಒರಗಿಸಿದ್ದೀನಿ ಅಂದರು ಅಪ್ಪ. ಅವರು ಮತ್ತೆ ಹೇಳಿದರು. ಅಪ್ಪ ರೇಗಿದರು, ಒರಗಿಸಿಯೇ ಇದ್ದೀನಲ್ಲಮ್ಮ ಅಂತ. ಪಕ್ಕದಲ್ಲಿ ಕೂತಿದ್ದ ನಾನು ನೋಡುತ್ತೇನೆ, ತಲೆಗೂ ದಿಂಬಿಗೂ ನಡುವೆ ಒಂದು ಅಂಗೈಯಷ್ಟು ಸಂದು. ತಲೆ ಗಾಳಿಯಲ್ಲಿ ನಿಂತಿದೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಎದ್ದು ಆ ಸಂದಿನಲ್ಲಿ ಕೈ ತೂರಿಸಿದೆ. ಕೈ ಈ ಕಡೆಯಿಂದ ಆ ಕಡೆಗೆ ಹೋಯಿತು. ಅವರಿಗೆ ಗೊತ್ತೇ ಆಗಲಿಲ್ಲ. ದಿಂಬಿನ ಮೇಲೆ ಇದ್ದೇನೆ ಅಂತಲೇ ಅವರ ನಂಬಿಕೆ. ಡಾಕ್ಟರಮ್ಮ ಕೈಯಲ್ಲಿದ್ದ ಉಪಕರಣ ಕೆಳಗಿಟ್ಟರು. ಹೆಬ್ಬೆರಳು, ತೋರುಬೆರಳು ಬೇಗಬೇಗ ತಟ್ಟಿ ಅಂದರು. ಎದ್ದು ಬಾಗಿಲವರೆಗೆ ನಡೆದು ಬನ್ನಿ ಅಂದರು. ಹಲ್ಲಿನ ಮಾತು ಬಿಟ್ಟು ನರದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಮನೆಗೆ ಬಂದವರೇ ಅಂಗಿಯನ್ನೂ ಬಿಚ್ಚದೆ ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತರು. ಒಂದು ಹಾಳೆ ತಾ ಅಂದರು. ತಲೆಗೂ ಗೋಡೆಗೂ ನಡುವೆ ಹಾಳೆ ಇಟ್ಟು ಒತ್ತಿಕೊಂಡರು. ತಲೆ ಗೋಡೆಗೆ ಅಂಟಿರುವ ತನಕ ಹಾಳೆ ನಿಲ್ಲುತ್ತದೆ, ಬಿಟ್ಟರೆ ಬೀಳುತ್ತದೆ, ಇದಕ್ಕಿಂತ ಸುಲಭದ ಪ್ರಯೋಗ ಇಲ್ಲ ಅಂದರು, ಕ್ಲಾಸಿನಲ್ಲಿ ಹೇಳುವ ಹಾಗೇ. ಕಣ್ಣು ಬಿಟ್ಟಿರುವಾಗ ಹಾಳೆ ನಿಂತಿತ್ತು. ಕಣ್ಣು ಮುಚ್ಚಿದರು. ಅವರ ತಲೆ ಮೆಲ್ಲಗೆ, ಯಾರೋ ಮುಂದಿನಿಂದ ಕರೆದ ಹಾಗೆ, ಮುಂದೆ ಬಂತು. ಭುಜ ಬಂತು. ಹಾಳೆ ಜಾರಿ ನೆಲಕ್ಕೆ ಬಿತ್ತು. ಅವರು ಕಣ್ಣು ಮುಚ್ಚಿಕೊಂಡೇ, "ನಿಂತಿದೆಯೇನೇ?" ಅಂತ ಕೇಳಿದರು.

ಬಿದ್ದಿದೆ ಅಂದೆ. ನೀನು ಎಳೆದಿದ್ದೀಯ ಅಂದರು. ಇನ್ನೊಮ್ಮೆ ಇಡು ಅಂದರು. ಇಟ್ಟೆ, ಬಿತ್ತು. ಫ್ಯಾನ್ ಆರಿಸು ಅಂದರು, ಆರಿಸಿದೆ, ಮತ್ತೂ ಬಿತ್ತು. ಹಾಳೆ ನುಣುಪಾಗಿದೆ, ನ್ಯೂಸ್ ಪೇಪರ್ ತಾ ಅಂದರು. ಅದೂ ಬಿತ್ತು. ಆಮೇಲೆ ಆ ಪೇಪರನ್ನು ಅವರೇ ಬಗ್ಗಿ ಎತ್ತಿಕೊಂಡು ನಾಲ್ಕು ಮಡಿಕೆ ಮಡಿಸಿ ಟೇಬಲ್ಲಿನ ಮೇಲೆ ಇಟ್ಟು, "ಆ ಮಗು ಎಲ್ಲಿದೆ ಈಗ?" ಅಂದರು.

ನರದ ಡಾಕ್ಟರು ಹೇಳಿದ್ದನ್ನು ಫೋನಿನಲ್ಲಿ ಹೇಳಲು ಹೋದಾಗಲೇ ನೀನು ಹಾಗೆ ರೇಗಿದ್ದು. ಅದು ಪಾರ್ಕಿನ್ಸನ್ ಅನ್ನುವ ಕಾಯಿಲೆ. ವಾಸಿಯಾಗುವುದಿಲ್ಲ, ಮಾತ್ರೆಯಿಂದ ತಡೆದು ನಿಲ್ಲಿಸಬಹುದು, ಅಷ್ಟೇ. ಎಷ್ಟೋ ತಿಂಗಳಿಂದ ಮೈಯೊಳಗೆ ಇದ್ದಿರಬೇಕು ಅಂದರು. ಕಣ್ಣು ಮುಚ್ಚಿದರೆ ಮೈ ಎಲ್ಲಿದೆ ಅನ್ನುವುದು ಅವರಿಗೆ ಸರಿಯಾಗಿ ತಿಳಿಯುತ್ತಿಲ್ಲವಂತೆ. ನೀನು ಎಳೆದ ಗೆರೆ ಸರಿಯಾಗಿಯೇ ಇತ್ತು, ಗುಂಡು ಅದನ್ನು ದಾಟಲೇ ಇಲ್ಲ. ಅಪ್ಪನೇ ದಾಟಿದ್ದರು. ನಿನಗೆ ಆ ಹುಡುಗಿಯ ಮೇಲೆ ಹಗೆ ಇಲ್ಲ ಅಂತ ನನಗೆ ಗೊತ್ತು. ಅವಳು ತಳ್ಳಿದ್ದರೆ ಅಪ್ಪನಿಗೆ ಏನೂ ಆಗಿಲ್ಲ ಅಂತಾಯಿತು, ತಳ್ಳದಿದ್ದರೆ ಅಪ್ಪ ನಮ್ಮ ಕೈಜಾರುತ್ತಿದ್ದಾರೆ ಅಂತಾಯಿತು. ನಿನಗೆ ಮೊದಲನೆಯದೇ ಬೇಕು. ನನಗೂ ಅದೇ ಬೇಕಿತ್ತು ಕಣೆ. ಆದರೆ ನಮ್ಮ ಭಯವನ್ನು ಆ ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ?

ನರದ ಡಾಕ್ಟರನ್ನು ನೋಡಿದ ಮಾರನೆಯ ದಿನವೇ ಅಪ್ಪ ಹೆಡ್ ಮಾಸ್ಟರ ಕೋಣೆಗೆ ಹೋದರು, ನಾನೂ ಜೊತೆಗೆ ಹೋದೆ. ಆ ಮನುಷ್ಯ ಕೂರಿಸಿ ಟೀ ಕೊಟ್ಟು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. ಮುಗಿದ ವಿಷಯ ಕೆದಕುವುದು ಬೇಡ, ಕಾಯಿಲೆ ಇರುವವರ ಕೈಗೆ ಕ್ಲಾಸು ಕೊಟ್ಟಿದ್ದಿರಿ ಅಂತ ಮಕ್ಕಳ ಮನೆಯವರು ನಾಳೆ ಗಲಾಟೆ ಎಬ್ಬಿಸುತ್ತಾರೆ, ನೀವು ಮರ್ಯಾದೆಯಿಂದ ರಜೆಯ ಮೇಲೆ ಹೋಗಿ ಸಾರ್, ಆ ಹುಡುಗಿಗೆ ಬೇರೆ ಯಾವುದಾದರೂ ಶಾಲೆ ಸಿಗುತ್ತದೆ ಅಂದರು. ಸಿಗುವುದಿಲ್ಲ ಅಂತ ಅವರಿಗೂ ಗೊತ್ತು, ನಡತೆಯ ಕಡೆ ಅಂಥದ್ದು ಬರೆದುಕೊಟ್ಟ ಮೇಲೆ ಯಾರು ಸೇರಿಸಿಕೊಳ್ಳುತ್ತಾರೆ? ಅಪ್ಪ ಟೀ ಮುಟ್ಟಲಿಲ್ಲ. ಎದ್ದು ನೇರ ಅವಳ ಕ್ಲಾಸಿಗೆ ಹೋಗಿ, ಪಾಠ ಮಾಡುತ್ತಿದ್ದ ಮೇಷ್ಟರನ್ನು ಒಂದು ನಿಮಿಷ ಅಂತ ನಿಲ್ಲಿಸಿ, ಎಲ್ಲರ ಮುಂದೆ ಗೋಡೆಗೆ ಹಾಳೆ ಇಟ್ಟು ಕಣ್ಣು ಮುಚ್ಚಿದರು. ಹಾಳೆ ಬಿತ್ತು. ಈ ಸಲ ಒಂದು ಮಗುವೂ ನಗಲಿಲ್ಲ. ಇಷ್ಟು ವರ್ಷ ಮಕ್ಕಳ ಮುಂದೆ ಎದೆ ಸೆಟೆಸಿ ನಿಂತ ಮನುಷ್ಯ, ಹಾಗೆ ಮುಂದಕ್ಕೆ ವಾಲಿಕೊಂಡು ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅಷ್ಟು ಮಕ್ಕಳು ನೋಡಿದ ಮೇಲೆ ಮುಚ್ಚಿಡುವುದು ಹೇಗೆ? ಸಂಜೆಯೊಳಗೆ ಹೆಡ್ ಮಾಸ್ಟರು ಅವಳನ್ನು ವಾಪಸು ಸೇರಿಸಿಕೊಳ್ಳುತ್ತೇವೆ, ಬರೆದದ್ದನ್ನು ಹೊಡೆದುಹಾಕುತ್ತೇವೆ ಅಂತ ಒಪ್ಪಿಕೊಂಡರು. ಅಪ್ಪನಿಗೆ ಅದೇ ಕೊನೆಯ ಕ್ಲಾಸು. ಈಗ ರಜೆಯಲ್ಲಿದ್ದಾರೆ, ಇನ್ನು ಪಾಠಕ್ಕೆ ಹೋಗುವುದಿಲ್ಲ.

ಯಾಕಮ್ಮನ ಮನೆ ಲಾಂಡ್ರಿಯ ಹಿಂದೆಯೇ ಇದೆ. ಗೋಡೆಗಳೆಲ್ಲ ಹಬೆಗೆ ಉಬ್ಬಿವೆ, ಸಾಬೂನಿನ ವಾಸನೆ ಕಣ್ಣಿಗೆ ಇಳಿಯುತ್ತದೆ. ನಾವು ಹೋದಾಗ ಅವಳು ಒದ್ದೆ ಚಾದರಗಳ ಗಂಟು ಹೊತ್ತು ಒಳಗಿನಿಂದ ಬಂದಳು. ಶಾಲೆ ಬಿಡಿಸಿದ ಮೇಲೆ ಸುಮ್ಮನೆ ಕೂರಿಸುತ್ತಾರೆಯೇ, ತಾಯಿಯ ಜೊತೆಗೇ ಕೆಲಸಕ್ಕೆ ಹಚ್ಚಿದ್ದಾರೆ. ಕೈಯೆಲ್ಲ ನೀರಿಗೆ ಬಿಳಿಚಿಕೊಂಡಿತ್ತು. ಅಪ್ಪ ನಿಂತುಕೊಂಡೇ ಎಲ್ಲ ಹೇಳಿದರು, ತಪ್ಪು ನನ್ನದು ಅಂತ ಕೈಮುಗಿದರು. ಅವಳ ತಾಯಿ ಗಂಟು ಬಿಚ್ಚುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಕೊನೆಗೆ, "ನೀವು ಹೇಳಿದಾಗ ಕೆಟ್ಟವಳು, ನೀವು ಹೇಳಿದಾಗ ಒಳ್ಳೇವಳು. ಈ ಎರಡು ತಿಂಗಳು ಅವಳು ಊಟ ಬಿಟ್ಟು ಕೂತಾಗ ಯಾರು ಬಂದ್ರಿ?" ಅಂದಳು. ನೀರಿನ ಬಿಲ್ಲಿಗೆ ಬಂದವರ ಹತ್ತಿರ ಬಾಯಿಗೆ ಬಾಯಿ ಕೊಡುವ ನಾನು ಅಲ್ಲಿ ತಲೆ ತಗ್ಗಿಸಿ ನಿಂತೆ.

ಹುಡುಗಿ ಮಾತ್ರ ಸಿಟ್ಟು ತೋರಿಸಲಿಲ್ಲ. ಅಪ್ಪನಿಗೆ ಸ್ಟೂಲು ತಂದು ಹಾಕಿದಳು. ಮೂಗು ನೋಯುತ್ತದೆಯೇ ಅಂತ ಕೇಳಿದಳು. ಶಾಲೆಗೆ ಬರುತ್ತೀಯಲ್ಲ ಅಂದರೆ, ಇಲ್ಲ ಸಾರ್ ಅಂದಳು. ಯಾಕೆ ಅಂತ ಈ ಸಲ ಅಪ್ಪನೇ ಕೇಳಬೇಕಾಯಿತು. ಅವಳು ಗಂಟು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ನಾನೊಬ್ಬಳೇ ಇನ್ನೂ ಎರಡು ಸಲ ಹೋಗಿ ಬಂದೆ. ತಾಯಿ ಈಗ ಸ್ವಲ್ಪ ಮೆತ್ತಗಾಗಿದ್ದಾಳೆ, ಹೋಗಲಿ ಬಿಡಿ, ಓದುತ್ತೇನೆ ಅಂದರೆ ನಾನು ಬೇಡ ಅನ್ನುವುದಿಲ್ಲ ಅನ್ನುತ್ತಾಳೆ. ಮಗಳೇ ಒಲ್ಲೆ ಅನ್ನುತ್ತಾಳೆ. ಇದೆಲ್ಲ ಸಿಟ್ಟು, ಅವಮಾನವಾದ ಹುಡುಗಿ, ಇಳಿಯುವುದಕ್ಕೆ ಹೊತ್ತು ಬೇಕು ಅಂತ ನಾನು ಅಂದುಕೊಂಡಿದ್ದೇನೆ.

ಅದಕ್ಕೇ ನಿನ್ನನ್ನು ಕರೆಯುತ್ತಿರುವುದು. ಮುಂದಿನ ಶನಿವಾರ ಹೊರಟು ಬಾ. ಸಮಿತಿಯ ಮುಂದೆ ಬರೆದದ್ದು ನೀನು, ಅವಳ ಮುಂದೆ ಬಂದು ಅಳಿಸಬೇಕಾದವಳೂ ನೀನೇ. ಅಪ್ಪನನ್ನು ನೋಡಿದ ಹಾಗೂ ಆಗುತ್ತದೆ. ನಿನ್ನ ಹತ್ತಿರ ಅವರು ಕಾಯಿಲೆಯ ಮಾತೇ ಎತ್ತುವುದಿಲ್ಲ ಅಂತ ನನಗೆ ಗೊತ್ತು. ನೀನು ಬರುತ್ತೀಯೇನೋ ಅಂತ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಬಸ್ಸು ಬರುವ ಕಡೆಗೇ ನೋಡುತ್ತಾ ಕೂರುತ್ತಾರೆ. ಅಲ್ಲಿ ಕೂತರೆ ಗಾಳಿ ಚೆನ್ನಾಗಿದೆ ಅಂತ ನನಗೆ ಸುಳ್ಳು ಹೇಳುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಟೀ ಕುಡಿದುಕೊಂಡು ದಿನ ದೂಡಬೇಡ. ನಿನ್ನ ಮೊಂಡುತನ ಒಳ್ಳೆಯದಕ್ಕೇ ಉಪಯೋಗಕ್ಕೆ ಬರಲಿ, ನಿನ್ನ ಕೈಯಿಂದ ಯಾರಿಗೂ ಕೇಡಾಗದಿರಲಿ, ಆದದ್ದನ್ನು ಸರಿಮಾಡುವ ಧೈರ್ಯ ನಿನಗೆ ಬರಲಿ. ಇಬ್ಬರ ಪರವಾಗಿಯೂ ನಾನೇ ಹರಸುತ್ತಿದ್ದೇನೆ, ಅಪ್ಪ ಮಲಗಿದ್ದಾರೆ.

ಇಂತು ನಿನ್ನನ್ನು ಬೈದೂ ಬೈದೂ ಮುದ್ದಿಸುವ,
ಅಮ್ಮ

ಹಿಂಬರಹ: ಸಹಿ ಹಾಕಿ ಲಕೋಟೆ ಅಂಟಿಸಲು ಹೋದವಳು ಮತ್ತೆ ಕೂತೆ. ಇದೊಂದನ್ನು ಬರೆಯಬೇಡ, ಮಗಳಿಗೆ ತಡೆದುಕೊಳ್ಳಲಾಗುವುದಿಲ್ಲ ಅಂತ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ಬರೆಯದಿದ್ದರೆ ನೀನು ಬರುವುದಿಲ್ಲ, ಅದೂ ನನಗೆ ಗೊತ್ತು. ಯಾಕಮ್ಮ ಬರುವುದಿಲ್ಲ ಅನ್ನುವುದು ಸಿಟ್ಟಿಗೆ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು.

ನಿನ್ನೆ ಮಧ್ಯಾಹ್ನ ಅಪ್ಪ ಅವಳನ್ನು ಪ್ರಯೋಗಾಲಯಕ್ಕೆ ಕರೆಸಿದ್ದರು. ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ, ಕಣ್ಣಾರೆ ನೋಡಲಿ ಅಂತ. ನಾನು ಅವರ ಎರಡೂ ಭುಜ ಹಿಡಿದು ಗೋಡೆಗೆ ಒತ್ತಿ ನಿಲ್ಲಬೇಕು, ಅವಳು ಅವತ್ತಿನ ಹಾಗೇ ಗುಂಡು ತಂದು ಬಿಡಬೇಕು, ಅಲುಗದಿದ್ದರೆ ಗುಂಡು ತಾಗುವುದಿಲ್ಲ ಅನ್ನುವುದು ಅವಳಿಗೇ ಕಾಣುತ್ತದೆ. ನಾನು ಹಿಡಿದೆ. ಅವಳು ಗುಂಡನ್ನು ಎಳೆದು ತಂದು ಅವರ ಮೂಗಿಗೆ ತಾಗಿಸಿದಳು. ಬಿಡು ಮಗೂ ಅಂದರು ಅಪ್ಪ. ಅವಳು ಬಿಡಲಿಲ್ಲ. ಬಿಡು, ಏನೂ ಆಗಲ್ಲ ಅಂದೆ ನಾನು. ತೋಳು ನಡುಗುತ್ತಿದೆ, ಬೆರಳು ಬಿಳಿಚಿದೆ, ಬೆವರು ಇಳಿಯುತ್ತಿದೆ, ಕೈ ಮಾತ್ರ ಬಿಚ್ಚುತ್ತಿಲ್ಲ. ಮತ್ತೆ ತಳ್ಳಿಬಿಡ್ತೀನಿ ಅಂದಳು.

ನೀನು ತಳ್ಳಿಯೇ ಇಲ್ಲವಲ್ಲ ಅಂದೆ. ಅವಳು ನನ್ನ ಕಡೆ ತಿರುಗಿ, ಚಿಕ್ಕವರಿಗೆ ತಿಳಿಹೇಳುವ ಹಾಗೆ ಮೆಲ್ಲಗೆ ಹೇಳಿದಳು. "ಸಾರ್ ಒಳ್ಳೇವರು, ಅದಕ್ಕೇ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ ಅಮ್ಮ. ಅಕ್ಕ ಬೋರ್ಡ್ ಮೇಲೆ ಬರೆದು ತೋರಿಸೋವರೆಗೂ ನಾನೂ ತಳ್ಳಿಲ್ಲ ಅಂತಾನೇ ಅಂದ್ಕೊಂಡಿದ್ದೆ. ಆಮೇಲೆ ನೆನಪಾಯ್ತು. ಅಂಗೈಗೆ ತಣ್ಣಗೆ ಒತ್ತಿದ್ದೂ ನೆನಪಾಯ್ತು."

ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿ ಗುಂಡನ್ನು ಇಸಿದುಕೊಂಡೆ. ಅವಳು ಅಪ್ಪನ ಮುಂದೆ ನಿಂತು, ಕ್ಷಮಿಸಿ ಸಾರ್ ಅಂದಳು. ಅಪ್ಪ ಗೋಡೆಗೆ ಒರಗಿಕೊಂಡೇ ನೆಲಕ್ಕೆ ಕುಸಿದು ಕೂತರು. ನಮ್ಮಿಬ್ಬರ ಮಾತನ್ನೂ ಅವಳು ನಂಬುವುದಿಲ್ಲ ಮಗಳೇ, ಅವಳು ನಂಬಿರುವುದು ನಿನ್ನನ್ನು.